ಹತ್ತರಿಂದ ಶುರುವಾಗುವ ವಿಳಾಸ

ನಮ್ಮ ಊರಾದ ಮಾಂಬಳ್ಳಿಯ ಮನೆಯಲ್ಲಿ ಕೂತು ಭೂಮಿಯ ಆಚೆ ಬದಿಯ ಯಾವುದೋ ಕಂಪ್ಯೂಟರಿಗೆ ದಾರಿ ಯಾವುದು ಎಂದು ಕೇಳಬಹುದು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಆದೇಶ ಬರೆಯುವ ಕಪ್ಪು ಕಿಟಕಿ ತೆರೆದು, ವಿಂಡೋಸ್ ಆದರೆ ಟ್ರೇಸರ್ಟ್, ಲಿನಕ್ಸ್ ಅಥವಾ ಮ್ಯಾಕ್ ಆದರೆ ಟ್ರೇಸ್‌ರೂಟ್ ಎಂದು ಬರೆದು, ಮುಂದೆ ತಲುಪಬೇಕಾದ ತಾಣದ ಹೆಸರು ಹಾಕಿದರೆ ಸಾಕು. ಒಂದರ ಕೆಳಗೊಂದು ಸಾಲು ಮೂಡುತ್ತ ಹೋಗುತ್ತದೆ. ಸಾಲಿಗೊಂದು ರೂಟರ್ (ಸಂದೇಶವನ್ನು ಮುಂದೆ ದಾಟಿಸುವ ಯಂತ್ರ), ಅದರ ಐಪಿ ವಿಳಾಸ, ಅಲ್ಲಿಂದ ಉತ್ತರ ಬರಲು ಹಿಡಿದ ಕಾಲ. ಆ ಕಾಲದ ಲೆಕ್ಕ ಮಿಲಿಸೆಕೆಂಡಿನಲ್ಲಿ, ಅಂದರೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು.

ಮೊದಲ ಸಾಲಿನಲ್ಲಿ ಬಹುತೇಕ 192.168.1.1 ಎಂದಿರುತ್ತದೆ. ಅದು ನಡುಮನೆಯ ಗೋಡೆಯಲ್ಲಿ ದೀಪ ಮಿನುಗಿಸುತ್ತಿರುವ ಪೆಟ್ಟಿಗೆಯೇ. ಎರಡನೆಯ ಸಾಲಿನಲ್ಲಿ 10ರಿಂದಲೋ 100ರಿಂದಲೋ ಶುರುವಾಗುವ ಒಂದು ವಿಳಾಸ. ಮೂರನೆಯದೂ ಅದೇ ಜಾತಿಯದಿರಬಹುದು. ಆಮೇಲೆ ಸಾರ್ವಜನಿಕ ವಿಳಾಸಗಳು ಬರುತ್ತವೆ. ಅವು ಯಾವ ಸಂಸ್ಥೆಗೆ ಸೇರಿದವು ಎಂಬುದಕ್ಕೆ ದಾಖಲೆಯಿದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಇನ್ನು ಮುಂದೆಲ್ಲ ಹೀಗೇ ಎಂದುಕೊಳ್ಳುವಷ್ಟರಲ್ಲಿ ನಡುದಾರಿಯಲ್ಲಿ ಮತ್ತೊಂದು 10, ಅಥವಾ 172.16ರ ಒಂದು ವಿಳಾಸ ಕಾಣಿಸಿಕೊಳ್ಳುತ್ತದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಈ ನಡುವಿನ ಸಾಲು. ಈ ಸಂಖ್ಯೆಗಳಿಗೆ ಅಂತರ್ಜಾಲದಲ್ಲಿ ದಾರಿಯೇ ಇಲ್ಲ. ಅವು ಖಾಸಗಿ ವಿಳಾಸಗಳು; ಕಟ್ಟಡದೊಳಗೆ, ಕಚೇರಿಯೊಳಗೆ, ಒಂದು ಸಂಸ್ಥೆಯ ಬೇಲಿಯೊಳಗೆ ಮಾತ್ರ ಬಳಸಲೆಂದು ತೆಗೆದಿಟ್ಟವು. ಬೇಲಿಯ ಹೊರಗಿನಿಂದ ಅಂಥ ವಿಳಾಸಕ್ಕೆ ಒಂದು ಸಂದೇಶ ಕಳುಹಿಸಿ ನೋಡಿ, ಎಲ್ಲಿಗೂ ಮುಟ್ಟುವುದಿಲ್ಲ. ಆದರೂ ಅಲ್ಲಿಂದ ನನಗೊಂದು ಉತ್ತರ ಬಂದಿದೆ. ತಲುಪಲಾಗದ ಜಾಗದಿಂದ ಬಂದ ಉತ್ತರ ಸುವರ್ಣಾವತಿ ಹೊಳೆಯ ಬಯಲಿನ ಈ ಊರನ್ನು, ಇಷ್ಟು ಮನೆಗಳ ನಡುವೆ ನಮ್ಮದೇ ಮನೆಯನ್ನು, ಹುಡುಕಿಕೊಂಡು ಬಂದಿದೆ. ಇದು ಹೇಗೆ ಆಗುತ್ತದೆಂದು ತಿಳಿಯುವ ಮೊದಲು ಇದ್ದದ್ದಕ್ಕಿಂತ ತಿಳಿದ ಮೇಲೆ ನನ್ನ ಸೋಜಿಗ ಹೆಚ್ಚಾಯಿತು.

ಟ್ರೇಸ್‌ರೂಟ್ ಮೊದಲು ಅರ್ಥವಾಗಬೇಕು. ಅಂತರ್ಜಾಲದಲ್ಲಿ ಸಂದೇಶಗಳು ಓಡಾಡುವುದು ಪ್ಯಾಕೆಟ್ ಎಂಬ ತುಣುಕುಗಳಾಗಿ; ಪ್ರತಿ ಪ್ಯಾಕೆಟ್ಟಿನ ತಲೆಭಾಗದಲ್ಲಿ ಅದರ ಆಯುಸ್ಸಿನ ಒಂದು ಸಂಖ್ಯೆ ಬರೆದಿರುತ್ತದೆ. 1981ರ ಸೆಪ್ಟೆಂಬರಿನಲ್ಲಿ ಹೊರಬಂದ ಐಪಿ ನಿಯಮದಲ್ಲೇ ಇದು ಇದೆ. ಎಂಟು ಬಿಟ್‌ಗಳ ಜಾಗ; ಅತಿ ಹೆಚ್ಚೆಂದರೆ 255. ಹಾದಿಯ ಪ್ರತಿ ರೂಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದ ಕಡೆ ಪ್ಯಾಕೆಟ್ಟನ್ನು ಬಿಸಾಡಿ, ಕಳುಹಿಸಿದವರಿಗೆ ‘ನಿನ್ನದು ಇಲ್ಲಿ ತೀರಿತು’ ಎಂಬರ್ಥದ ಒಂದು ಸಣ್ಣ ಸೂಚನೆ ಕಳುಹಿಸುತ್ತದೆ. ದಾರಿ ತಪ್ಪಿದ ಪ್ಯಾಕೆಟ್ಟುಗಳು ಎರಡು ರೂಟರ್‌ಗಳ ನಡುವೆ ಕೊನೆಯಿಲ್ಲದೆ ಸುತ್ತುತ್ತ ತಂತಿಯನ್ನು ಕಟ್ಟಿಹಾಕಬಾರದೆಂದು ಮಾಡಿದ ಏರ್ಪಾಡು ಅದು. ದಾರಿ ತೋರಿಸುವುದು ಅದರ ಕೆಲಸವಾಗಿರಲಿಲ್ಲ.

1980ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್ಸನ್, ಸ್ಟೀವ್ ಡೀರಿಂಗ್ ಕೊಟ್ಟ ಒಂದು ಸಲಹೆ ಹಿಡಿದು, ಈ ಏರ್ಪಾಡನ್ನು ಬೇರೆಯದೇ ಕೆಲಸಕ್ಕೆ ಹೂಡಿದ. ಆಯುಸ್ಸು ಒಂದೇ ಎಂದು ಬರೆದು ಒಂದು ಪ್ಯಾಕೆಟ್ ಕಳುಹಿಸು. ಮೊದಲ ರೂಟರ್‌ನಲ್ಲೇ ಅದು ಮುಗಿಯುತ್ತದೆ, ಅಲ್ಲಿಂದ ಸೂಚನೆ ಬರುತ್ತದೆ. ಎರಡು ಎಂದು ಬರೆದದ್ದು ಎರಡನೆಯದರಲ್ಲಿ ಮುಗಿಯುತ್ತದೆ. ಹೀಗೆ ಒಂದೊಂದೇ ಏರಿಸುತ್ತ ಹೋದರೆ ಇಡೀ ದಾರಿ ತಾನೇ ಬಿಚ್ಚಿಕೊಳ್ಳುತ್ತದೆ. ನಿದ್ದೆಯಿಲ್ಲದ 48 ಗಂಟೆಗಳ ದುಡಿಮೆಯಲ್ಲಿ, ದಾರಿಯ ಯಾವುದೋ ದೋಷ ಹುಡುಕುವಾಗ ಹೊರಬಂದ ಕಾರ್ಯಕ್ರಮವಿದು ಎಂದು ಅವನೇ ಅದರೊಳಗೆ ಬರೆದಿಟ್ಟಿದ್ದಾನೆ. ನಮ್ಮ ತೆರೆಯ ಮೇಲೆ ಮೂಡುವ ಪ್ರತಿ ಸಾಲೂ ಒಂದೊಂದು ಪ್ಯಾಕೆಟ್ ನಿಂತುಹೋದ ಜಾಗ. ನಡುನಡುವೆ ಬರೀ ನಕ್ಷತ್ರ ಚಿಹ್ನೆಗಳಿರುವ ಸಾಲು ಬಂದರೆ, ಅಲ್ಲಿನ ರೂಟರ್ ಸೂಚನೆ ಕಳುಹಿಸಲಿಲ್ಲ, ಇಲ್ಲವೇ ಕಳುಹಿಸಿದ್ದು ನಮಗೆ ಮುಟ್ಟಲಿಲ್ಲ.

ಸೂಚನೆ ಕಳುಹಿಸುವ ರೂಟರ್ ಕಳುಹಿಸಿದವರ ಜಾಗದಲ್ಲಿ ತನ್ನ ವಿಳಾಸ ಬರೆಯುತ್ತದೆ. ತನ್ನ ಹತ್ತಿರ ಇರುವುದು 10ರ ವಿಳಾಸವಾದರೆ ಅದನ್ನೇ ಬರೆಯುತ್ತದೆ. ಇನ್ನೊಂದು ಇಲ್ಲ.

ಈ 10ಕ್ಕೆ ಒಂದು ಹಳೆಯ ಚರಿತ್ರೆಯಿದೆ. ಅಂತರ್ಜಾಲದ ಮೂಲಬೇರಾದ ಆರ್ಪಾನೆಟ್ಟಿಗೆ, ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ 1969ರಲ್ಲಿ ಶುರುವಾದ ಆ ಜಾಲಕ್ಕೆ, ಮುಂದೆ ಐಪಿ ವಿಳಾಸಗಳನ್ನು ಹಂಚಿದಾಗ ಸಿಕ್ಕ ಸಂಖ್ಯೆ 10. ಆ ಜಾಲ 1990ರಲ್ಲಿ ಮುಚ್ಚಿತು, ಸಂಖ್ಯೆ ಖಾಲಿ ಬಿತ್ತು. ಅಷ್ಟರಲ್ಲಿ ವಿಳಾಸಗಳ ಕೊರತೆಯ ಸುಳಿವು ಸಿಕ್ಕಿತ್ತು. ಐಪಿಯ ನಾಲ್ಕನೇ ಆವೃತ್ತಿಯಲ್ಲಿರುವ ಒಟ್ಟು ವಿಳಾಸಗಳು 4,29,49,67,296. ಮೊದಮೊದಲು ಅದನ್ನು ಧಾರಾಳವಾಗಿ ಹಂಚಿದ್ದರು. ಮ್ಯಾಸಚೂಸೆಟ್ಸಿನ ತಂತ್ರಜ್ಞಾನ ಸಂಸ್ಥೆ ಎಂಐಟಿ ಒಂದಕ್ಕೇ 18ರಿಂದ ಶುರುವಾಗುವ ವಿಳಾಸಗಳೆಲ್ಲ, ಅಂದರೆ 1,67,77,216 ವಿಳಾಸಗಳು ಸಿಕ್ಕಿದ್ದವು. ಮೋಟಾರು ಕಾರು ಮಾಡುವ ಫೋರ್ಡ್ ಕಂಪನಿಗೆ 19ರವು.

1994ರ ಮಾರ್ಚಿನಲ್ಲಿ ನಾಲ್ವರು ಎಂಜಿನಿಯರುಗಳು ಒಂದು ಸಲಹಾಪತ್ರ ಬರೆದರು. ಹೊರಜಗತ್ತಿನ ಜೊತೆ ನೇರ ಸಂಪರ್ಕ ಬೇಡದ ಯಂತ್ರಗಳಿಗೆ ಜಗತ್ತಿಗೊಂದೇ ಎಂಬಂಥ ವಿಳಾಸ ಯಾಕೆ ಬೇಕು? ಮೂರು ಗುಂಪುಗಳನ್ನು ತೆಗೆದಿಡೋಣ. ಯಾರನ್ನೂ ಕೇಳದೆ ಯಾರು ಬೇಕಾದರೂ ಬಳಸಲಿ. ಆದರೆ ಅವರವರ ಬೇಲಿಯೊಳಗೆ ಮಾತ್ರ. 10ರ ಗುಂಪು ಪೂರ್ತಿ, 172.16ರಿಂದ 172.31ರವರೆಗಿನ 10,48,576 ವಿಳಾಸಗಳು, 192.168ರ 65,536 ವಿಳಾಸಗಳು. ಯಾಕೊವ್ ರೆಕ್ಟರ್, ರಾಬರ್ಟ್ ಮಾಸ್ಕೊವಿಟ್ಜ್, ಡೇನಿಯಲ್ ಕಾರೆನ್‌ಬರ್ಗ್, ಗೇರ್ಟ್ ಯಾನ್ ಡಿ ಗ್ರೂಟ್ ಅದನ್ನು ಬರೆದವರು.

ನಾಲ್ಕೇ ತಿಂಗಳಲ್ಲಿ ಅದಕ್ಕೆ ಎದುರುಪತ್ರ ಬಂತು. ಎಲಿಯಟ್ ಲಿಯರ್ ಮತ್ತು ಮೂವರು ಸಂಗಡಿಗರು ಬರೆದ ಅದರ ತಲೆಬರಹವೇ 10ನೇ ಜಾಲದ ಈ ಬಳಕೆ ಹಾನಿಕರ ಎಂದು ಸಾರುತ್ತಿತ್ತು. ಒಂದು ವಿಳಾಸ ಜಗತ್ತಿನಲ್ಲಿ ಒಂದೇ ಕಡೆ ಇರಬೇಕು ಎಂಬುದರ ಮೇಲೆ ಈ ಮನೆ ನಿಂತಿದೆ, ಅದನ್ನು ಸಡಿಲ ಮಾಡಬೇಡಿ. ಇಂದು ಬೇರೆ ಬೇರೆಯಾಗಿರುವ ಎರಡು ಸಂಸ್ಥೆಗಳು ನಾಳೆ ಕೂಡಿದಾಗ ಇಬ್ಬರ ಬಳಿಯೂ ಅದೇ ಸಂಖ್ಯೆಗಳಿದ್ದರೆ ಏನು ಮಾಡುತ್ತೀರಿ ಎಂಬುದು ಅವರ ವಾದ. ವಾದ ಗಟ್ಟಿಯಾಗಿತ್ತು, ಕೊರತೆಯೂ ಅಷ್ಟೇ ನಿಜವಾಗಿತ್ತು. 1996ರ ಫೆಬ್ರುವರಿಯಲ್ಲಿ ಅಂತಿಮ ನಿಯಮ ಹೊರಬಂತು. ಅದನ್ನು ಅದರ ಕ್ರಮಸಂಖ್ಯೆಯಿಂದ ಆರ್‌ಎಫ್‌ಸಿ 1918 ಎನ್ನುತ್ತಾರೆ. ಜಾಲದ ಕೆಲಸ ಮಾಡುವವರ ಬಾಯಲ್ಲಿ ಖಾಸಗಿ ವಿಳಾಸಗಳಿಗೆ ಇವತ್ತಿಗೂ ಅದೇ ಹೆಸರು. ಅದರ ಲೇಖಕರ ಪಟ್ಟಿಯಲ್ಲಿ ಮೊದಲಿನ ನಾಲ್ವರಿದ್ದಾರೆ, ಐದನೆಯ ಹೆಸರು ಎಲಿಯಟ್ ಲಿಯರ್. ವಿರೋಧಿಸಿದವನು ಒಳಗೆ ಬಂದು ಕೂತು, ಕೂಡಿ ಬರೆದ. ಆ ಪಟ್ಟಿಯನ್ನು ಓದುವಾಗ ನನಗೆ ಅವರೆಲ್ಲರ ಮೇಲೂ ಗೌರವ ಹುಟ್ಟುತ್ತದೆ. ತೀರಿಹೋದ ಪೂರ್ವಜ ಜಾಲದ ಸಂಖ್ಯೆಯನ್ನು ಯಾರಿಗೂ ಮಾರದೆ ಎಲ್ಲರ ಪಾಲಿಗೆ ಬಿಟ್ಟುಕೊಟ್ಟರಲ್ಲ! ನಮ್ಮ ಸೀಮೆಯ ತಂತಿಯ ತುದಿಯಲ್ಲಿ 10ರ ವಿಳಾಸ ಹೊತ್ತು ಕೂತಿರುವ ಯಂತ್ರ ಆರ್ಪಾನೆಟ್ಟಿನ ಅಂಕಿಯನ್ನೇ ಹೊತ್ತಿದೆ.

ಬೇಲಿಯೊಳಗಿನ ವಿಳಾಸ ಎಂದರೇನು ಎಂಬುದು ನಮ್ಮ ಊರ ಕಡೆಯವರಿಗೆ ವಿವರಿಸಬೇಕಾದ ಸಂಗತಿಯೇ ಅಲ್ಲ. ಮಾಂಬಳ್ಳಿಯ ಹೆಸರಿನ ಜೊತೆಗೇ ಬರುವ ಊರು ಅಗರ. ಜೋಡಿಸಿ ಅಗರ–ಮಾಂಬಳ್ಳಿ ಎಂದೇ ಹೇಳುವ ರೂಢಿ. ಇಲ್ಲಿ ಯಾರಾದರೂ ‘ಅಗರಕ್ಕೆ ಹೋಗಿಬತ್ತೀನಿ’ ಎಂದರೆ ಯಾವ ಅಗರ ಎಂದು ಯಾರೂ ಕೇಳುವುದಿಲ್ಲ. ಅದೇ ಮಾತನ್ನು ಬೆಂಗಳೂರಿನಲ್ಲಿ ಆಡಿದರೆ ಎಚ್‌ಎಸ್‌ಆರ್ ಬಡಾವಣೆಯ ಪಕ್ಕದ, ಕೆರೆಯಿರುವ ಅಗರಕ್ಕೆ ಹೋಗಿ ಇಳಿಯುತ್ತೀರಿ. ಹೊಸಹಳ್ಳಿ, ಹೊಸೂರುಗಳ ಮಾತು ಹೇಳುವುದೇ ಬೇಡ. ಹೋಬಳಿಯೊಳಗೆ ಸಾಕಾಗುವ ಹೆಸರು ಹೋಬಳಿ ದಾಟಿದ ಕೂಡಲೇ ಸಾಲದು. ತಾಲ್ಲೂಕು ಬೇಕು, ಜಿಲ್ಲೆ ಬೇಕು, 1972ರಿಂದ ಪಿನ್ ಕೋಡ್ ಕೂಡ ಬೇಕು. ಆ ತಾಲ್ಲೂಕು, ಜಿಲ್ಲೆಗಳೂ ನಮ್ಮಲ್ಲಿ ಎಷ್ಟು ಬದಲಾಗಿವೆ! ನಮ್ಮ ಸೀಮೆಯ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಪಕ್ಕದ ಯಳಂದೂರು ಮೈಸೂರು ಸೀಮೆಯಲ್ಲಿತ್ತು. ಆಮೇಲೆ ಎರಡೂ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಕೊಳ್ಳೇಗಾಲದೊಳಗಿದ್ದ ಹನೂರು ಈಗ ತಾನೇ ಒಂದು ತಾಲ್ಲೂಕು. ಹಿಪ್ಪುನೇರಳೆ ತೋಟಗಳು ಇದ್ದಲ್ಲೇ ಇದ್ದವು, ಮೇಲ್ವಿಳಾಸ ಮಾತ್ರ ಬದಲಾಗುತ್ತ ಬಂತು. 10.0.0.1 ಎಂಬುದು ಅಗರದಂಥ ಒಂದು ಹೆಸರು. ಎಷ್ಟೋ ಲಕ್ಷ ಬೇಲಿಗಳ ಒಳಗೆ ಅದು ಇದೆ, ಪ್ರತಿಯೊಂದರೊಳಗೂ ಅದು ಒಂದೇ ಒಂದು.

ಹಾಗಾದರೆ ಬೇಲಿಯೊಳಗಿನ ಹೆಸರು ಹೊತ್ತ ಉತ್ತರ ಬೇಲಿ ದಾಟಿ ಬಂದದ್ದು ಹೇಗೆ?

ರೂಟರ್ ನೋಡುವುದು ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಎಂಬುದನ್ನಷ್ಟೇ. ಯಾರು ಕಳುಹಿಸಿದರು ಎಂಬ ಜಾಗದಲ್ಲಿ ಏನು ಬರೆದಿದೆ ಎಂದು ವಿಚಾರಿಸುವುದು ಅದರ ಮೂಲ ಕೆಲಸದಲ್ಲಿಲ್ಲ. ಹಾಗಾಗಿ ನನಗೆ ಬರಬೇಕಾದ ಸೂಚನೆಯ ಮೇಲೆ ನನ್ನ ವಿಳಾಸ ಸರಿಯಿದ್ದರೆ ಸಾಕು, ಅದು ಹೊರಟುಬಿಡುತ್ತದೆ. ಕಳುಹಿಸಿದವರ ವಿಳಾಸಕ್ಕೆ ಕೆಲಸ ಬರುವುದು ಮರಳಿ ಏನಾದರೂ ಕಳುಹಿಸುವಾಗ ಮಾತ್ರ; ಈ ಸೂಚನೆಗೆ ಯಾರೂ ಮರುಉತ್ತರ ಕೊಡುವುದಿಲ್ಲ. ನಿಯಮವನ್ನು ಕಟ್ಟುನಿಟ್ಟಾಗಿ ಓದಿದರೆ, ಖಾಸಗಿ ವಿಳಾಸ ಹೊತ್ತ ಪ್ಯಾಕೆಟ್ ಒಂದು ಸಂಸ್ಥೆಯ ಗಡಿ ದಾಟಿ ಇನ್ನೊಂದಕ್ಕೆ ಹೋಗಕೂಡದು. ಆರ್‌ಎಫ್‌ಸಿ 1918 ಪತ್ರವೇ ಹಾಗೆ ಹೇಳುತ್ತದೆ. 2000ದ ಮೇ ತಿಂಗಳಲ್ಲಿ ಬಂದ ಇನ್ನೊಂದು ನಿಯಮ, ಸುಳ್ಳು ಮೂಲ ಹಾಕಿಕೊಂಡು ಬರುವ ಪ್ಯಾಕೆಟ್ಟುಗಳನ್ನು ಅವು ಹೊರಡುವ ಅಂಚಿನಲ್ಲೇ ತಡೆಯಿರಿ ಎಂದು ಎಲ್ಲ ಅಂತರ್ಜಾಲ ಸೇವಾದಾರರನ್ನೂ ಕೇಳಿಕೊಂಡಿತು. ಕೆಲವರು ತಡೆಯುತ್ತಾರೆ, ಕೆಲವರು ಬಿಡುತ್ತಾರೆ. ನಡುದಾರಿಯ ಆ 10 ನನ್ನ ತೆರೆಗೆ ಬಂತೆಂದರೆ, ಅದು ದಾಟಿದ ಗಡಿಗಳಲ್ಲಿ ಯಾರೂ ಅದನ್ನು ತಡೆಯಲಿಲ್ಲ ಎಂದರ್ಥ.

ಆದರೂ ಅರ್ಧ ದಾರಿಯಷ್ಟೇ ಆಯಿತು. ನನ್ನ ವಿಳಾಸ ಸರಿಯಿದ್ದರೆ ಸಾಕು ಎಂದೆ. ನನ್ನದೂ ಖಾಸಗಿ ವಿಳಾಸವೇ ಅಲ್ಲವೇ? ಮನೆಯ ಕಂಪ್ಯೂಟರಿಗಿರುವುದು 192.168.1.5ರಂಥ ಒಂದು ಸಂಖ್ಯೆ. ಪ್ಯಾಕೆಟ್ ಹೊರಡುವಾಗ ಗೋಡೆಯ ಪೆಟ್ಟಿಗೆ ಅದನ್ನು ಅಳಿಸಿ ತನ್ನ ಸಂಖ್ಯೆ ಬರೆಯುತ್ತದೆ. ಅದೂ ಸಾಮಾನ್ಯವಾಗಿ 100.64ರಿಂದ 100.127ರ ನಡುವಿನದು. ವಿಳಾಸ ಸಾಲದ ಸೇವಾದಾರರ ಒಳಜಾಲಕ್ಕೆಂದೇ 2012ರ ಏಪ್ರಿಲ್‌ನಲ್ಲಿ ತೆಗೆದಿಟ್ಟ 41,94,304 ಸಂಖ್ಯೆಗಳ ಗುಂಪು ಅದು. ಮುಂದೆ ಸೇವಾದಾರರ ದೊಡ್ಡ ಯಂತ್ರವೊಂದು ಅದನ್ನೂ ಅಳಿಸಿ ಒಂದು ಸಾರ್ವಜನಿಕ ವಿಳಾಸ ಬರೆಯುತ್ತದೆ. ಅದೇ ವಿಳಾಸ ಅದೇ ಗಳಿಗೆಯಲ್ಲಿ ಇನ್ನೆಷ್ಟೋ ಮನೆಗಳದ್ದೂ ಆಗಿರುತ್ತದೆ. ಎರಡು ಸಲ ಗುರುತು ಅಳಿಸಿಕೊಂಡು ಹೋದ ಪ್ಯಾಕೆಟ್ ಎಲ್ಲೋ ದೂರದಲ್ಲಿ ಸೊನ್ನೆಯಾಗಿ ಬಿತ್ತು. ಅದರ ಸೂಚನೆ ಆ ಹಂಚಿಕೊಂಡ ವಿಳಾಸಕ್ಕೆ ಮರಳುತ್ತದೆ. ಯಾವ ಮನೆಯದು?

ಇದಕ್ಕೆ ಉತ್ತರ 1981ರದೇ ಇನ್ನೊಂದು ನಿಯಮದಲ್ಲಿತ್ತು. ಪ್ಯಾಕೆಟ್ ಬಿಸಾಡುವ ರೂಟರ್, ಅದರ ತಲೆಭಾಗವನ್ನೂ ಅದರ ಹಿಂದಿನ ಮೊದಲ ಎಂಟು ಬೈಟುಗಳನ್ನೂ ಹಾಗೇ ನಕಲು ಮಾಡಿ ಸೂಚನೆಯೊಳಗಿಟ್ಟು ಕಳುಹಿಸಬೇಕು. ಆ ಎಂಟು ಬೈಟುಗಳಲ್ಲಿ ಪೋರ್ಟ್ ಸಂಖ್ಯೆಯೋ ಅಂಥದೇ ಇನ್ನೊಂದು ಗುರುತಿನ ಸಂಖ್ಯೆಯೋ ಇರುತ್ತದೆ. ದೊಡ್ಡ ಯಂತ್ರ ಆ ಒಳನಕಲನ್ನು ಬಿಚ್ಚಿ ಓದಿ, ವಿಳಾಸ ಅಳಿಸುವಾಗ ಬರೆದಿಟ್ಟುಕೊಂಡ ತನ್ನ ಪಟ್ಟಿಯಲ್ಲಿ ಹುಡುಕಿ, ಇದು ಇಂಥ ಮನೆಯಿಂದ ಹೋದದ್ದು ಎಂದು ಕಂಡುಹಿಡಿಯುತ್ತದೆ. ಹೊರಗಿನ ವಿಳಾಸವನ್ನೂ ಒಳಗಿನ ನಕಲನ್ನೂ ತಿದ್ದಿ ಇತ್ತ ಕಳುಹಿಸುತ್ತದೆ. ಗೋಡೆಯ ಪೆಟ್ಟಿಗೆ ಮತ್ತೊಮ್ಮೆ ಅದನ್ನೇ ಮಾಡುತ್ತದೆ. ಆ ನಿಯಮ ಬರೆದಾಗ ವಿಳಾಸ ಅಳಿಸಿ ಬರೆಯುವ ಯಂತ್ರಗಳೇ ಹುಟ್ಟಿರಲಿಲ್ಲ. ಆ ಉಪಾಯದ ಮೊದಲ ಆರ್‌ಎಫ್‌ಸಿ 1994ರದು. ಬಿದ್ದ ಪ್ಯಾಕೆಟ್ಟಿನ ತಲೆಯನ್ನು ಜೋಪಾನವಾಗಿ ಮರಳಿಸಬೇಕೆಂದು ಯಾರೋ ಯಾವುದೋ ಬೇರೆ ಕಾರಣಕ್ಕೆ ಬರೆದಿಟ್ಟದ್ದು ಇಷ್ಟು ವರ್ಷದ ಮೇಲೆ ಮಾಂಬಳ್ಳಿಯ ಒಂದು ಮನೆಯನ್ನು ಗುರುತಿಸುತ್ತಿದೆ. ಇದೆಲ್ಲ ನಡೆಯಲು ಹಿಡಿದ ಕಾಲ ಕಣ್ಣೆವೆ ಮಿಟುಕಿಸುವಷ್ಟೂ ಇಲ್ಲ. ನನಗೆ ಇದಕ್ಕಿಂತ ದೊಡ್ಡ ಬೆರಗು ಈ ಜಾಲದಲ್ಲಿ ಬೇರೆ ಕಂಡಿಲ್ಲ.

ಆ ಕಾಲದ ಅಂಕಿಯೂ ಸುಮ್ಮನೆ ಇಲ್ಲ. 10ರ ವಿಳಾಸ ತಾನಿರುವ ಊರನ್ನು ಹೇಳದು. ಅದಕ್ಕೆ ದಾಖಲೆಯಿಲ್ಲ, ನಕ್ಷೆಯಿಲ್ಲ. ಆದರೆ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ, ಅದಕ್ಕಿಂತ ಬೇಗ ಓಡಲಾರದು. ಹೋಗಿಬರಲು ಒಂದು ಮಿಲಿಸೆಕೆಂಡ್ ಎಂದರೆ ಆ ಯಂತ್ರ ನೂರು ಕಿಲೋಮೀಟರಿಗಿಂತ ದೂರವಿಲ್ಲ. ಎರಡು ಮಿಲಿಸೆಕೆಂಡಿನ ಉತ್ತರ ಬಂದರೆ ಅದು ಮೈಸೂರಿನಲ್ಲಿರಬಹುದು, ಬೆಂಗಳೂರಿನಲ್ಲಿರಬಹುದು, ಕೊಯಮತ್ತೂರಿನಲ್ಲೂ ಇರಬಹುದು, ಚೆನ್ನೈಯಲ್ಲಂತೂ ಇರಲಾರದು. ಚೆನ್ನೈಯಿಂದ ಸಿಂಗಪುರಕ್ಕೆ ಕಡಲ ತಳದಲ್ಲಿ 2002ರಿಂದ ಮಲಗಿರುವ ಐಟುಐ ಎಂಬ ಕೇಬಲ್ ಸುಮಾರು 3,200 ಕಿಲೋಮೀಟರ್ ಉದ್ದ. ಅದನ್ನು ದಾಟಿದ ಸಾಲಿನಲ್ಲಿ ಕಾಲ ಒಮ್ಮೆಗೇ ಮೂವತ್ತು ಮಿಲಿಸೆಕೆಂಡಿನಷ್ಟು ಜಿಗಿಯುತ್ತದೆ. ಪಕ್ಕದ ವಿಳಾಸ ಖಾಸಗಿಯಾಗಿದ್ದರೂ ಆ ಜಿಗಿತವೇ ಕಡಲು ದಾಟಿತು ಎಂದು ಹೇಳಿಬಿಡುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಇಂಥ ಸೂಚನೆ ಬರೆಯುವುದು ರೂಟರ್‌ಗೆ ಬಿಡುವಾದಾಗ ಮಾಡುವ ಕೆಲಸ, ಆದ್ದರಿಂದ ಹತ್ತಿರದ ಯಂತ್ರವೂ ತಡವಾಗಿ ಉತ್ತರಿಸಬಹುದು. ಕಡಿಮೆ ಕಾಲವನ್ನು ನಂಬಬಹುದು, ಹೆಚ್ಚಿನ ಕಾಲವನ್ನು ನಂಬಲಾಗದು.

ಆ ವಿಳಾಸಕ್ಕೊಂದು ಹೆಸರಿದೆಯೇ ಎಂದು ಹೊರಗೆ ವಿಚಾರಿಸಿದರೂ ಸೋಜಿಗ ಕಾದಿದೆ. ಟ್ರೇಸ್‌ರೂಟ್ ತಾನಾಗಿಯೇ ಪ್ರತಿ ಸಂಖ್ಯೆಗೂ ಹೆಸರು ಕೇಳುತ್ತದೆ. ಖಾಸಗಿ ಸಂಖ್ಯೆಗಳಿಗೆ ಹೊರಗೆ ಹೆಸರಿರುವುದು ಸಾಧ್ಯವಿಲ್ಲ, ಆದರೂ ಜಗತ್ತಿನ ಮೂಲೆಮೂಲೆಯಿಂದ ಎಡೆಬಿಡದೆ ಈ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಮೂಲ ಹೆಸರು ಸೇವೆಯ ಮೇಲೆ ಅದರ ಹೊರೆ ಬೀಳಬಾರದೆಂದು ಎಎಸ್112 ಎಂಬ ಏರ್ಪಾಡು ಮಾಡಿದ್ದಾರೆ. ಹಲವು ದೇಶಗಳ ಸ್ವಯಂಸೇವಕ ಸಂಸ್ಥೆಗಳು ಒಂದೇ ಗುರುತಿನಲ್ಲಿ ಈ ಯಂತ್ರಗಳನ್ನು ನಡೆಸುತ್ತವೆ. ಅಲ್ಲಿನ ಸರ್ವರ್‌ಗಳ ಹೆಸರು ಪ್ರಿಸನರ್, ಬ್ಲ್ಯಾಕ್‌ಹೋಲ್–1, ಬ್ಲ್ಯಾಕ್‌ಹೋಲ್–2. ಅಂಥ ಹೆಸರೇ ಇಲ್ಲ ಎಂದು ಹೇಳುವುದೇ ಅವುಗಳ ಮುಖ್ಯ ಕೆಲಸ. ಉತ್ತರವಿಲ್ಲದ ಪ್ರಶ್ನೆಗೂ ಬೇಗ ಒಂದು ‘ಇಲ್ಲ’ ಸಿಗಲಿ ಎಂದು ಯಾರದೋ ವಿದ್ಯುತ್ತು, ಯಾರದೋ ಶ್ರಮ ದಿನವಿಡೀ ಸಲ್ಲುತ್ತಿದೆ.

ಸೇವಾದಾರರು ತಮ್ಮ ರೂಟರ್‌ಗಳಿಗೇ ಖಾಸಗಿ ವಿಳಾಸ ಕೊಡುವುದೇಕೆ ಎಂದು ಕೇಳಿದರೆ ಮೊದಲ ಕಾರಣ ಬಡತನ. ಎರಡು ರೂಟರ್‌ಗಳ ನಡುವಿನ ಪ್ರತಿ ಕೊಂಡಿಗೂ ವಿಳಾಸ ಬೇಕು. ಹಳೆಯ ಪದ್ಧತಿಯಲ್ಲಿ ಕೊಂಡಿಗೆ ನಾಲ್ಕು, 2000ದ ಕೊನೆಯಲ್ಲಿ ಬಂದ ಪದ್ಧತಿಯಲ್ಲಿ ಎರಡು. ಸಾವಿರಾರು ಕೊಂಡಿಗಳಿರುವಲ್ಲಿ ಅದು ದೊಡ್ಡ ಮೊತ್ತ. ಬಳಕೆದಾರರಿಗೆ ಹಂಚಬಹುದಾದ ಸಾರ್ವಜನಿಕ ವಿಳಾಸವನ್ನು ಕೊಂಡಿಗೆ ಯಾಕೆ ಸುರಿಯಬೇಕು ಎಂಬ ಲೆಕ್ಕ. ನಮ್ಮ ದೇಶದಲ್ಲಿ ಈ ಲೆಕ್ಕ ಇನ್ನೂ ಬಿಗಿ. ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಇಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ತೆರೆದದ್ದು 1995ರ ಆಗಸ್ಟ್ 15ರಂದು. ಆರೇ ತಿಂಗಳಲ್ಲಿ ಆರ್‌ಎಫ್‌ಸಿ 1918 ಬಂತು. ಅಂದರೆ ವಿಳಾಸ ಧಾರಾಳವಾಗಿದ್ದ ಅಂತರ್ಜಾಲವನ್ನು ನಾವು ಕಾಣಲೇ ಇಲ್ಲ. ಹಂಚಿಕೆ ಬಿಗಿಯಾದ ಮೇಲೆ ಬಂದವರು ನಾವು. 2011ರ ಫೆಬ್ರುವರಿ 3ರಂದು ಜಗತ್ತಿನ ವಿಳಾಸಗಳ ಮೂಲ ಉಗ್ರಾಣ ಬರಿದಾಯಿತು. ಏಪ್ರಿಲ್ 15ರಂದು ಏಷ್ಯಾ–ಪೆಸಿಫಿಕ್ ಭಾಗದ ಉಗ್ರಾಣ ತನ್ನ ಕೊನೆಯ ಗುಂಪಿಗೆ ಇಳಿದು, ಒಬ್ಬ ಸದಸ್ಯನಿಗೆ ಹೆಚ್ಚೆಂದರೆ 1,024 ವಿಳಾಸ ಎಂಬ ಪಡಿತರ ಶುರುವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದೇಶದ ಎಲ್ಲ ಗ್ರಾಮ ಪಂಚಾಯಿತಿಗಳಿಗೆ, ಸುಮಾರು ಎರಡೂವರೆ ಲಕ್ಷ ಕಡೆಗೆ, ಗಾಜಿನೆಳೆ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಈಗ ಅದರ ಹೆಸರು ಭಾರತ್‌ನೆಟ್. ಉಗ್ರಾಣ ಬರಿದಾದ ವರ್ಷವೇ ಹಳ್ಳಿಗಳ ಪಾಲಿನ ತಂತಿಗೆ ಸಹಿ ಬಿತ್ತು. ಎಂಐಟಿಯ ಒಂದು ಆವರಣಕ್ಕೆ ಸಿಕ್ಕ ಒಂದು ಕೋಟಿ 67 ಲಕ್ಷವನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಸಂಕಟವಾಗುತ್ತದೆ. ತಪ್ಪು ಯಾರದೂ ಅಲ್ಲ, ಮೊದಲು ಬಂದವರಿಗೆ ಮೊದಲು ಸಿಕ್ಕಿತು. ನಮ್ಮ ಪಾಲಿಗೆ ಬಂದದ್ದು 10.

ಖಾಸಗಿ ವಿಳಾಸ ಕೊಟ್ಟರೆ ರೂಟರ್ ಹೊರಗಿನವರ ಕೈಗೆ ಸಿಗದೆ ಸುರಕ್ಷಿತವಾಗಿರುತ್ತದೆ ಎಂಬ ನಂಬಿಕೆ ಇನ್ನೊಂದು ಕಾರಣ. ಈ ಎಲ್ಲ ವಿಚಾರವನ್ನೇ ಹಿಡಿದು ಆಂಥೊನಿ ಕಿರ್ಕ್ಯಾಮ್ 2012ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 6752 ಬರೆದ. ಸುರಕ್ಷೆಗೆ ಅದೊಂದನ್ನೇ ನೆಚ್ಚಿಕೊಳ್ಳಲಾಗದು, ತೊಂದರೆಗಳು ಮಾತ್ರ ಹಲವು ಎಂದು ಅದನ್ನು ಓದಿದವರಿಗೆ ತಿಳಿಯುತ್ತದೆ. ಒಂದು ತೊಂದರೆಯನ್ನು ಇಲ್ಲಿ ಹೇಳಲೇಬೇಕು, ಹಳ್ಳಿಗೆ ಅದು ನೇರವಾಗಿ ತಟ್ಟುತ್ತದೆ. ಸಾಮಾನ್ಯವಾಗಿ ಒಂದು ಪ್ಯಾಕೆಟ್ಟಿನ ಅಳತೆ 1,500 ಬೈಟು. ದಾರಿಯ ಯಾವುದೋ ಕೊಂಡಿ ಅಷ್ಟು ದೊಡ್ಡದನ್ನು ಹಿಡಿಯದಿದ್ದರೆ, ಅಲ್ಲಿನ ರೂಟರ್ ‘ಇದು ದೊಡ್ಡದಾಯಿತು, ಚಿಕ್ಕದಾಗಿ ಕಳುಹಿಸು’ ಎಂದು ಸೂಚನೆ ಬರೆಯುತ್ತದೆ. ಅದರ ಮೇಲೆ ಖಾಸಗಿ ವಿಳಾಸವಿದ್ದರೆ ನಡುವಿನ ಯಾವುದೋ ಗಡಿ ನಿಯಮದಂತೆ ಅದನ್ನು ತಡೆದು ಬಿಸಾಡುತ್ತದೆ. ಗಡಿ ಮಾಡಿದ್ದು ಸರಿಯೇ. ಇತ್ತ ಕಂಪ್ಯೂಟರಿಗೆ ಸುದ್ದಿ ಮುಟ್ಟುವುದಿಲ್ಲ. ಮತ್ತೆ ಮತ್ತೆ ಅದೇ ದೊಡ್ಡ ಪ್ಯಾಕೆಟ್ ಕಳುಹಿಸುತ್ತದೆ, ಅದು ಮತ್ತೆ ಮತ್ತೆ ಅಲ್ಲೇ ಬೀಳುತ್ತದೆ. ತಾಣವೇನೋ ತೆರೆಯುತ್ತದೆ, ಸಣ್ಣಪುಟ್ಟ ಸಂದೇಶವೂ ಹೋಗುತ್ತದೆ. ಕಾಲೇಜಿನ ಅರ್ಜಿಗೆ ಫೋಟೊ ಸೇರಿಸಲು ಕೂತ ಹುಡುಗಿಯ ಮುಂದೆ ಮಾತ್ರ ಚಕ್ರ ಸುತ್ತುತ್ತಲೇ ಇರುತ್ತದೆ. ಅವಳಿಗೆ ಕಾಣುವುದು ‘ನೆಟ್ ಸರಿಯಿಲ್ಲ’ ಎಂಬುದಷ್ಟೇ. ದಾರಿಯ ನಡುವೆ ಒಂದು ಯಂತ್ರ ಕಾರಣವನ್ನು ಸರಿಯಾಗಿ ತಿಳಿದು, ಸರಿಯಾಗಿ ಬರೆದು, ಪ್ರತಿ ಸಲವೂ ಕಳುಹಿಸುತ್ತಿದೆ. ಅದರ ವಿಳಾಸಕ್ಕೆ ಹೊರಗೆ ಮಾನ್ಯತೆಯಿಲ್ಲದ ಕಾರಣಕ್ಕೆ ಅದರ ಮಾತು ಕೇಳುತ್ತಿಲ್ಲ.

ಇಷ್ಟು ಯೋಚಿಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮನೆಯೊಳಗೆ, ಶಾಲೆಯೊಳಗೆ, ಬ್ಯಾಂಕಿನೊಳಗೆ ಖಾಸಗಿ ವಿಳಾಸ ಇರಲಿ. ಅದು ಆರ್‌ಎಫ್‌ಸಿ 1918 ಬರೆದ ಆ ಐವರು ಜಗತ್ತಿಗೆ ಮಾಡಿದ ದೊಡ್ಡ ಉಪಕಾರ. ಮನೆಯಿಂದ ಸೇವಾದಾರರ ಮೊದಲ ಯಂತ್ರದವರೆಗಿನ ತುಣುಕಿನಲ್ಲೂ ಇರಲಿ, ಅಲ್ಲಿ ಗಡಿ ದಾಟುವ ಪ್ರಶ್ನೆಯಿಲ್ಲ. ಪರರ ಪ್ಯಾಕೆಟ್ಟುಗಳನ್ನು ಹೊತ್ತು ದಾಟಿಸುವ ನಡುದಾರಿಯ ರೂಟರ್‌ಗೆ ಮಾತ್ರ ಜಗತ್ತು ಗುರುತಿಸುವ ತನ್ನದೇ ವಿಳಾಸ ಬೇಕು. ಅದು ಹೇಳುವ ಮಾತು ಬೇಲಿಯಾಚೆಯವರಿಗಾಗಿ ಇರುವುದರಿಂದ ಅದರ ಹೆಸರೂ ಬೇಲಿಯಾಚೆ ಸಲ್ಲಬೇಕು. ಕೊರತೆಯ ಕಾಲದಲ್ಲಿ ಇದನ್ನು ಕೇಳುವುದು ಕಷ್ಟವಿತ್ತು. ಈಗ ಐಪಿಯ ಆರನೇ ಆವೃತ್ತಿ ಇದೆ. ಅದರ ವಿಳಾಸದ ಉದ್ದ 128 ಬಿಟ್. ಒಟ್ಟು ವಿಳಾಸಗಳನ್ನು ಬರೆಯಲು 39 ಅಂಕಿಗಳು ಬೇಕು. ದೇಶದ ಮೊಬೈಲ್ ಫೋನುಗಳಲ್ಲಿ ಬಹುಪಾಲು ಆಗಲೇ ಅದನ್ನು ಬಳಸುತ್ತಿವೆ. ಗದ್ದೆಯ ಬದುವಿನ ಮೇಲೆ ನಿಂತು ಹವಾಮಾನ ನೋಡುವ ರೈತನ ಫೋನಿಗೂ ಜಗತ್ತಿನಲ್ಲಿ ಒಂದೇ ಒಂದಾದ ವಿಳಾಸ ಸಿಗುವಾಗ, ಅದೇ ಸಂದೇಶವನ್ನು ಹೊತ್ತೊಯ್ಯುವ ರೂಟರ್‌ಗೆ ಒಂದು ವಿಳಾಸ ಸಿಗದಿರಲು ಕಾರಣವಿಲ್ಲ.

ಜಾಲ ಕಟ್ಟುವ, ನಡೆಸುವ ಎಂಜಿನಿಯರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಹೊಸ ಕೊಂಡಿ ಹಾಕುವಾಗ ಅದಕ್ಕೆ ಸಾರ್ವಜನಿಕ ವಿಳಾಸ ಕೊಡಿ, ನಾಲ್ಕನೇ ಆವೃತ್ತಿಯದು ಇಲ್ಲದಿದ್ದರೆ ಆರನೆಯದನ್ನು ಕೊಡಿ. ಹಳೆಯ ಕೊಂಡಿಗಳಿಗೆ ಅದು ಆಗದು ಎಂದಾದರೆ, ಕಡೇಪಕ್ಷ ನಿಮ್ಮ ಜಾಲದೊಳಗಿನ ಎಲ್ಲ ಕೊಂಡಿಗಳೂ 1,500 ಬೈಟುಗಳ ಪ್ಯಾಕೆಟ್ಟನ್ನು ಪೂರ್ತಿಯಾಗಿ ಹಿಡಿಯುವಂತೆ ನೋಡಿಕೊಳ್ಳಿ. ಓದುವವರಲ್ಲೂ ಒಂದು ಮಾತು: ಪುಟ ತೆರೆದು ಕಡತ ಮಾತ್ರ ಹೋಗದಿದ್ದಾಗ ಸುಮ್ಮನಾಗಬೇಡಿ, ಟ್ರೇಸ್‌ರೂಟ್ ಓಡಿಸಿ, ಬಂದ ಸಾಲುಗಳನ್ನು ಹಾಗೇ ನಕಲು ಮಾಡಿ ನಿಮ್ಮ ಸೇವಾದಾರರಿಗೆ ಕಳುಹಿಸಿ.